ಡಬಲ್ ಬೇಸ್‌ನ ಒಳಗೆ ಉರುಳಾಡುವ ಕೋಲು

ಪ್ರಶ್ನೆ: ನಮ್ಮ ತಾಯಿಯ ಸೋದರಮಾವ ಮುಂಬೈಯ ಹೋಟೆಲ್ ಬ್ಯಾಂಡುಗಳಲ್ಲಿ ಡಬಲ್ ಬೇಸ್ ಎಂಬ, ಪಿಟೀಲಿನಂಥ ಆಳೆತ್ತರದ ವಾದ್ಯ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ವಾದ್ಯ ಕಾರವಾರದ ನಮ್ಮ ಮನೆಗೆ ಬಂದು ಎರಡು ಮಳೆಗಾಲ ಕಳೆದಿವೆ. ತಂತಿಗಳು ತುಂಡಾಗಬಾರದೆಂದು ನಾಲ್ಕನ್ನೂ ಪೂರ್ತಿ ಸಡಿಲಿಸಿ ಮೂಲೆಯಲ್ಲಿ ನಿಲ್ಲಿಸಿದ್ದೆವು. ಈಗ ತೆಗೆದು ನೋಡಿದರೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಕಳಚಿ ಬಿದ್ದಿದೆ, ಒಳಗೆ ಒಂದು ಕೋಲು ಉರುಳಾಡುತ್ತಿದೆ, ಕೆಳಗಿನ ಅಂಚಿನಲ್ಲಿ ಗೇಣುದ್ದ ಬಾಯಿ ಬಿಟ್ಟಿದೆ. ಕೋಲು ಯಾವುದೋ ಮುರಿದ ತುಂಡು, ಅದನ್ನು ತೆಗೆದೆಸೆದು ಬಿರುಕಿಗೆ ಫೆವಿಕಾಲ್ ಹಾಕಿದರೆ ಆಯಿತು ಎಂದು ನಮ್ಮ ಬಡಗಿ ಹೇಳುತ್ತಾರೆ. ಈ ವಾದ್ಯದ ಭಾಗಗಳು ಯಾವುವು, ಯಾವುದು ಏನು ಕೆಲಸ ಮಾಡುತ್ತದೆ, ನಾವು ಈಗ ಏನು ಮಾಡಬೇಕು ಎಂದು ತಿಳಿಸುವಿರಾ?
ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಆ ಕೋಲನ್ನು ದಯವಿಟ್ಟು ಎಸೆಯಬೇಡಿ, ಬಿರುಕಿಗೆ ಸದ್ಯ ಯಾವ ಅಂಟನ್ನೂ ಹಾಕಿಸಬೇಡಿ. ನಿಮ್ಮ ಬಡಗಿಯವರು ಮುರಿದ ತುಂಡೆಂದು ತಿಳಿದಿರುವುದು ಸೌಂಡ್ ಪೋಸ್ಟ್ ಎಂಬ ಭಾಗ. ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಅದರ ಎರಡು ತುದಿಗಳಲ್ಲಿ ಅಂಟಿನ ಗುರುತಾಗಲಿ ಮೊಳೆಯ ತೂತಾಗಲಿ ಕಾಣುವುದಿಲ್ಲ. ಅದು ಎಂದೂ ಯಾವುದಕ್ಕೂ ಅಂಟಿಕೊಂಡಿರಲಿಲ್ಲ. ವಾದ್ಯದ ಮುಂಭಾಗದ ಹಲಗೆ ಮತ್ತು ಬೆನ್ನಿನ ಹಲಗೆಗಳ ನಡುವೆ, ಸುರಂಗದಲ್ಲಿ ಕೊಟ್ಟ ಊರೆಗಂಬದಂತೆ, ಬರಿಯ ಒತ್ತಡದಿಂದ ನಿಂತಿತ್ತು. ಆ ಒತ್ತಡ ಬರುವುದು ತಂತಿಗಳಿಂದ. ನೀವು ತಂತಿಗಳನ್ನು ಸಡಿಲಿಸಿದಿರಿ, ಕುದುರೆಯ ಮೇಲಿನ ಭಾರ ಹೋಯಿತು, ಕುದುರೆ ಬಿತ್ತು, ಹಲಗೆ ಕೂದಲೆಳೆಯಷ್ಟು ಮೇಲೆದ್ದಿತು, ಕೋಲೂ ಉರುಳಿತು. ನೀವು ಕಂಡ ಮೂರು ತೊಂದರೆಗಳಲ್ಲಿ ಎರಡು ಈ ಒಂದೇ ಕಾರಣದಿಂದ ಹುಟ್ಟಿದವು. ಮೂರನೆಯದಕ್ಕೆ ಕಾರಣ ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಡಬಲ್ ಬೇಸ್‌ನ ಭಾಗಗಳನ್ನು ತಲೆಯಿಂದ ಕಾಲಿನವರೆಗೆ ಒಂದೊಂದಾಗಿ ಹೆಸರಿಸುವುದು ರೂಢಿ. ನನ್ನ ಅನುಭವದಲ್ಲಿ ಹಾಗೆ ಕಲಿತವರಿಗೆ ಹೆಸರುಗಳು ಉಳಿಯುತ್ತವೆ, ವಾದ್ಯ ಅರ್ಥವಾಗುವುದಿಲ್ಲ. ಈ ವಾದ್ಯದಲ್ಲಿ ಒಂದು ಬಲ ಮೇಲಿನಿಂದ ಕೆಳಗೆ ಎಳೆದುಕೊಂಡಿರುತ್ತದೆ, ಮತ್ತೊಂದು ಬಲ ಹೊರಗಿನಿಂದ ಒಳಕ್ಕೆ ಒತ್ತಿಕೊಂಡಿರುತ್ತದೆ; ಇವೆರಡರ ದಾರಿಯನ್ನು ಹಿಡಿದು ಹೋದರೆ ಪ್ರತಿಯೊಂದು ಭಾಗವೂ ಅಲ್ಲಿಯೇ ಏಕಿದೆ ಎಂಬುದು ತಾನಾಗಿ ತಿಳಿಯುತ್ತದೆ.

ತಂತಿಗಳು ನಾಲ್ಕು, ಈಗ ಸಾಮಾನ್ಯವಾಗಿ ಉಕ್ಕಿನವು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಕುರಿಯ ಕರುಳಿನ ತಂತಿಗಳೇ ಹೆಚ್ಚಾಗಿ ಬಳಕೆಯಲ್ಲಿದ್ದವು. ಉಕ್ಕಿನ ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಒಟ್ಟು ಎಳೆತ ನೂರು ಕಿಲೋಗ್ರಾಮಿಗೂ ಹೆಚ್ಚು, ಎಂದರೆ ಎರಡು ಅಕ್ಕಿ ಮೂಟೆಗಳನ್ನು ಹಗ್ಗಕ್ಕೆ ತೂಗುಬಿಟ್ಟಷ್ಟು. ಈ ಎಳೆತ ಮೇಲೆ ಶ್ರುತಿಯಂತ್ರಗಳಿಂದ ಹೊರಟು, ಕುತ್ತಿಗೆಯ ತುದಿಯ ನಟ್ ಎಂಬ ಸಣ್ಣ ಪಟ್ಟಿಯನ್ನು ದಾಟಿ, ಕುದುರೆಯ ನೆತ್ತಿಯ ಮೇಲೆ ಬಾಗಿ, ಟೇಲ್‌ಪೀಸ್ ಎಂಬ ಕಪ್ಪು ಮರದ ತುಂಡಿಗೆ ಮುಟ್ಟುತ್ತದೆ. ಟೇಲ್‌ಪೀಸ್ ಪೆಟ್ಟಿಗೆಗೆ ನೇರವಾಗಿ ಕೂಡಿರುವುದಿಲ್ಲ. ಒಂದು ದಪ್ಪ ಕೇಬಲ್ ಅದನ್ನು ಕೆಳ ಅಂಚಿನ ಮೇಲಿಂದ ಹಾಯಿಸಿ, ವಾದ್ಯವನ್ನು ನೆಲದ ಮೇಲೆ ನಿಲ್ಲಿಸುವ ಸರಳಾದ ಎಂಡ್‌ಪಿನ್‌ನ ಬುಡಕ್ಕೆ ಕಟ್ಟಿರುತ್ತದೆ. ಕೇಬಲ್ ಮೆತ್ತಗಿನ ಸ್ಪ್ರೂಸ್ ಮರದ ಹಲಗೆಯನ್ನು ಕೊರೆಯದಿರಲೆಂದು ಅಂಚಿನಲ್ಲಿ ಸ್ಯಾಡಲ್ ಎಂಬ, ಎಬೊನಿ ಎಂಬ ಗಟ್ಟಿ ಕಪ್ಪು ಮರದ ತುಂಡನ್ನು ಕೂರಿಸುತ್ತಾರೆ. ಈ ಸ್ಯಾಡಲ್ ಬಗ್ಗೆ ಒಂದು ಮಾತು: ಅದರ ಎರಡೂ ಬದಿಗಳಲ್ಲಿ ಕೂದಲೆಳೆಯಷ್ಟು ಜಾಗ ಬಿಡದೆ ಬಿಗಿಯಾಗಿ ಕೂರಿಸಿದರೆ, ಒಣಹವೆಯಲ್ಲಿ ಹಲಗೆ ಕುಗ್ಗಿದಾಗ ಎಬೊನಿ ಕುಗ್ಗದೆ ಹಲಗೆ ಅಲ್ಲಿಂದಲೇ ಸೀಳುತ್ತದೆ. ನಿಮ್ಮ ವಾದ್ಯದ ಬಿರುಕು ಕೆಳಭಾಗದಲ್ಲಿದೆ ಎಂದಿರುವುದರಿಂದ ಮೊದಲು ಈ ಜಾಗವನ್ನು ಬ್ಯಾಟರಿ ಹಿಡಿದು ನೋಡಿ.

ಇನ್ನು ಎರಡನೆಯ ಬಲ. ತಂತಿಗಳು ಕುದುರೆಯ ಮೇಲೆ ಬಾಗುವುದರಿಂದ ಎಳೆತದ ಒಂದು ಪಾಲು ಕೆಳಮುಖ ಒತ್ತಡವಾಗಿ ಅದರ ಎರಡು ಕಾಲುಗಳಿಗೆ ಇಳಿಯುತ್ತದೆ. ನಮ್ಮ ಭಾಗದ ಓದುಗರಿಗೆ ತಂಬೂರಿಯ ಕುದುರೆ ಪರಿಚಿತ. ಅದು ಅಗಲವಾಗಿ, ಮೇಲ್ಮೈ ಸ್ವಲ್ಪ ಉಬ್ಬಿ, ತಂತಿ ತನ್ನ ಮೈಯನ್ನು ಸವರಿಕೊಂಡು ಹೋಗಲಿ ಎಂಬಂತೆ ಇರುತ್ತದೆ. ಜೀವಾಳಿ, ಎಂದರೆ ತಂಬೂರಿಯ ಝೇಂಕಾರ, ಹುಟ್ಟುವುದೇ ಆ ಸವರುವಿಕೆಯಿಂದ. ಡಬಲ್ ಬೇಸ್‌ನ ಕುದುರೆಯದು ಇದಕ್ಕೆ ತೀರ ವಿರುದ್ಧವಾದ ಸ್ವಭಾವ. ಮೇಪಲ್ ಮರದಲ್ಲಿ ಕೆತ್ತಿದ, ನೆತ್ತಿಯಲ್ಲಿ ತೆಳುವಾದ, ಎರಡು ಕಾಲುಗಳ ಮೇಲೆ ಎತ್ತರವಾಗಿ ನಿಂತ ಹಲಗೆ ಅದು. ತಂತಿಯನ್ನು ಒಂದೇ ಗೆರೆಯಲ್ಲಿ ಖಚಿತವಾಗಿ ಮುಟ್ಟಿ, ಅದು ಪಕ್ಕಕ್ಕೆ ಅಲುಗಿದ್ದನ್ನು ಕಾಲುಗಳ ಮೇಲೆ ಕೆಳಗೆ ಸಾಗಿಸುವುದು ಅದರ ಕೆಲಸ. ತಂಬೂರಿ ಸರಿಮಾಡುವವರೊಬ್ಬರು ಈ ಕುದುರೆಯ ನೆತ್ತಿಯನ್ನು ಜೀವಾಳಿ ಬರಲೆಂದು ಅಗಲವಾಗಿ ಉಜ್ಜಿ ಚಪ್ಪಟೆ ಮಾಡಿದ್ದನ್ನು ನಾನು ಒಮ್ಮೆ ಕಂಡಿದ್ದೇನೆ. ಕೈಚಳಕದಲ್ಲಿ ತಪ್ಪಿರಲಿಲ್ಲ, ಆದರೆ ಕುದುರೆ ಹಾಳಾಯಿತು.

ಕಾಲುಗಳ ಕೆಳಗೆ ನಡೆಯುವುದು ಈ ವಾದ್ಯದ ಅತಿ ಸೂಕ್ಷ್ಮ ಭಾಗ. ವಾದ್ಯವನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿದರೆ ದಪ್ಪ ತಂತಿ ನಿಮ್ಮ ಎಡಕ್ಕೆ, ತೆಳು ತಂತಿ ಬಲಕ್ಕೆ ಬರುತ್ತದೆ. ಎಡಗಾಲಿನ ಕೆಳಗೆ, ಹಲಗೆಯ ಒಳಮೈಗೆ, ಉದ್ದಕ್ಕೆ ಒಂದು ಸ್ಪ್ರೂಸ್ ಪಟ್ಟಿಯನ್ನು ಅಂಟಿಸಿರುತ್ತಾರೆ. ಇದು ಬೇಸ್ ಬಾರ್. ಬಲಗಾಲಿನ ಬಳಿ, ಸರಿಯಾಗಿ ಅದರ ಕೆಳಗಲ್ಲ, ಟೇಲ್‌ಪೀಸ್ ಕಡೆಗೆ ಸ್ವಲ್ಪ ಸರಿದು, ನಿಮ್ಮ ‘ಮುರಿದ ತುಂಡು’ ನಿಲ್ಲುತ್ತದೆ. ಅದೂ ಸ್ಪ್ರೂಸ್ ಮರದ್ದೇ, ಸುಮಾರು 18 ಮಿಲಿಮೀಟರ್ ದಪ್ಪ. ಬಿಲ್ಲು ಎಳೆದಾಗ ತಂತಿ ಅಡ್ಡಕ್ಕೆ ಅಲುಗುತ್ತದೆ, ಕುದುರೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಬಲಗಾಲಿಗೆ ಕೆಳಗೆ ಕೋಲಿನ ಆಸರೆ ಇರುವುದರಿಂದ ಅದು ಹೆಚ್ಚು ಅಲುಗದೆ ಆನಿಕೆಯಾಗುತ್ತದೆ. ಎಡಗಾಲು ಏತದ ಮರದ ತುದಿಯಂತೆ ಮೇಲೆ ಕೆಳಗೆ ಆಡುತ್ತದೆ. ಆ ಆಟವನ್ನು ಬೇಸ್ ಬಾರ್ ಹಲಗೆಯ ಉದ್ದಕ್ಕೆ ಹರಡುತ್ತದೆ. ಕೋಲು ಇಲ್ಲದಿದ್ದರೆ ಎರಡೂ ಕಾಲುಗಳು ಸಮನಾಗಿ ಅತ್ತಿತ್ತ ತೂಗಿ, ಒಂದು ಬದಿ ಗಾಳಿಯನ್ನು ನೂಕಿದ್ದನ್ನು ಇನ್ನೊಂದು ಬದಿ ಎಳೆದುಕೊಂಡು, ನಾದ ಬಡಕಲಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೋಲಿಲ್ಲದೆ ತಂತಿಗಳನ್ನು ಬಿಗಿದರೆ ಬಲಗಾಲಿನ ಕೆಳಗೆ ಹಲಗೆ ತಗ್ಗಿ ಬಿರಿಯುವ ಅಪಾಯವಿದೆ. ಇಟಲಿಯವರು ಈ ಕೋಲನ್ನು ‘ಆನಿಮಾ’ ಎನ್ನುತ್ತಾರೆ, ಆತ್ಮ ಎಂದರ್ಥ. ಫ್ರೆಂಚರ ‘ಆಮ್’ ಎಂಬ ಹೆಸರಿಗೂ ಅದೇ ಅರ್ಥ.

ಈ ಕೋಲಿನ ವಿಷಯದಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಪಿಟೀಲು, ತಂಬೂರಿಗಳ ಕೆಲಸ ಕೈಗೆ ಹತ್ತಿದ ಹೊಸತರಲ್ಲಿ ಶಿರಸಿಯ ನನ್ನ ಕೋಣೆಗೆ ಒಂದು ಡಬಲ್ ಬೇಸ್ ಬಂದಿತ್ತು, ತಂತಿ ಬದಲಿಸುವುದಷ್ಟೇ ಕೆಲಸ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದೆ. ಒಳಗೆ ‘ಟಕ್’ ಎಂದು ಸಣ್ಣ ಸದ್ದಾಯಿತು. ಒಂದು ಗಂಟೆಯ ಕೆಲಸ ಎರಡು ದಿನಕ್ಕೆ ಹೋಯಿತು. ಅಂದಿನಿಂದ ಒಂದು ತಂತಿ ತೆಗೆದು, ಹೊಸದನ್ನು ಏರಿಸಿ, ಆಮೇಲೆ ಮುಂದಿನದನ್ನು ಮುಟ್ಟುವುದು ನನ್ನ ನಿಯಮ. ನೀವೂ ಮುಂದೆ ವಾದ್ಯವನ್ನು ಬಹುಕಾಲ ಇಡಬೇಕಾದಾಗ ತಂತಿಗಳನ್ನು ಒಂದು ಸ್ವರದಷ್ಟು ಇಳಿಸಿದರೆ ಸಾಕು, ಪೂರ್ತಿ ಬಿಡಬೇಡಿ.

ಕೋಲನ್ನು ಮತ್ತೆ ನಿಲ್ಲಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಎಸ್ ಅಕ್ಷರದಂತೆ ಬಾಗಿದ ಕಬ್ಬಿಣದ ಸಲಕರಣೆಗೆ ಅದನ್ನು ಚುಚ್ಚಿ, ಎಫ್ ಆಕಾರದ ರಂಧ್ರದಿಂದ ಒಳಗಿಳಿಸಿ, ಹಲ್ಲಿನ ವೈದ್ಯರ ಕನ್ನಡಿಯಂಥದರಲ್ಲಿ ನೋಡುತ್ತ, ಎರಡೂ ತುದಿಗಳು ಹಲಗೆಗಳ ಒಳಮೈಗೆ ಸಂದಿಲ್ಲದಂತೆ ಕೂರುವ ಹಾಗೆ ನಿಲ್ಲಿಸಬೇಕು. ತುದಿಗಳನ್ನು ಆ ಒಂದು ವಾದ್ಯದ ಇಳಿಜಾರಿಗೆ ಹೊಂದುವಂತೆ ಓರೆಯಾಗಿ ಕತ್ತರಿಸಿರುತ್ತಾರೆ; ಕೋಲಿನ ಎಳೆಗಳು ಮುಂಭಾಗದ ಹಲಗೆಯ ಎಳೆಗಳಿಗೆ ಅಡ್ಡವಾಗಿ ಬರಬೇಕು, ಇಲ್ಲವಾದರೆ ಕೋಲಿನ ಗಟ್ಟಿ ಎಳೆ ಹಲಗೆಯ ಮೃದು ಎಳೆಯ ನಡುವೆ ಇಳಿದು ಗುಳಿ ಮಾಡುತ್ತದೆ. ಇದೇ ಕೋಲಾದರೆ ಅದರ ಅಳತೆ ಆಗಲೇ ಸಿದ್ಧವಾಗಿದೆ. ಎಸೆದಿದ್ದರೆ ಹೊಸದನ್ನು ಮೊದಲಿನಿಂದ ಕೆತ್ತಬೇಕಾಗುತ್ತಿತ್ತು.

ಎಫ್ ರಂಧ್ರಗಳೆಂದರೆ ಗಾಳಿ ಆಡುವ ಬಾಯಿಗಳು, ಅಷ್ಟೇ ಅಲ್ಲದೆ ರಿಪೇರಿಯವನಿಗೆ ಕಿಟಕಿಗಳೂ ಹೌದು. ಅವುಗಳ ನಡುಭಾಗದಲ್ಲಿ ಸಣ್ಣ ಕಚ್ಚುಗಳಿವೆ, ಗಮನಿಸಿ. ಒಳಗಿನ ಎರಡು ಕಚ್ಚುಗಳನ್ನು ಕೂಡಿಸುವ ಗೆರೆಯೇ ಕುದುರೆ ನಿಲ್ಲಬೇಕಾದ ಸ್ಥಾನ. ಕುದುರೆಯ ಬದಿಗಳಲ್ಲಿ ಒಂದು ತಗ್ಗು, ಒಂದು ಎತ್ತರ ಇರುತ್ತದೆ. ತಗ್ಗಿನ ಬದಿ ತೆಳು ತಂತಿಯದು. ಮುಖಗಳಲ್ಲಿ ನೆಟ್ಟಗಿರುವುದು ಟೇಲ್‌ಪೀಸ್ ಕಡೆಗೆ, ಸ್ವಲ್ಪ ಇಳಿಜಾರಾಗಿರುವುದು ಕುತ್ತಿಗೆಯ ಕಡೆಗೆ ಬರಬೇಕು. ಕಾಲುಗಳ ತಳವನ್ನು ನಿಮ್ಮ ವಾದ್ಯದ ಉಬ್ಬಿಗೆ ಸರಿಯಾಗಿ ಕೆತ್ತಿರುವುದರಿಂದ ಅಲ್ಲಿ ಮರಳು ಕಾಗದ ತಾಗಿಸಬೇಡಿ. ಕುದುರೆಯ ಕಾಲುಗಳಲ್ಲೇ ಲೋಹದ ಚಕ್ರಗಳಿದ್ದರೆ ಅವು ಎತ್ತರ ಹೊಂದಿಸಲು ಆಮೇಲೆ ಹಾಕಿದವು. ನಮ್ಮ ಹವೆಗೆ ಅವು ಬಹಳ ಉಪಯುಕ್ತ, ಏಕೆಂದರೆ ಮಳೆಗಾಲದಲ್ಲಿ ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ, ಬೇಸಿಗೆಯಲ್ಲಿ ಇಳಿಯುತ್ತವೆ.

ಈಗ ಪೆಟ್ಟಿಗೆಗೆ ಬರೋಣ; ನಿಮ್ಮ ಬಿರುಕಿನ ವಿಷಯ ಇರುವುದು ಇಲ್ಲಿ. ಮುಂಭಾಗ ಸ್ಪ್ರೂಸ್, ಬೆನ್ನು ಮತ್ತು ಪಕ್ಕದ ಪಟ್ಟಿಗಳು ಮೇಪಲ್, ಇದು ಸಾಮಾನ್ಯ ಕ್ರಮ. ಮರ ತೇವ ಹೀರಿದಾಗ ಎಳೆಗಳಿಗೆ ಅಡ್ಡವಾಗಿ ಹಿಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹೀಗಾಗಿ ಅಗಲವಾದ ಹಲಗೆ ಮಳೆಗಾಲದಲ್ಲಿ ಹಿಗ್ಗಿ, ಡಿಸೆಂಬರಿನ ಮೂಡುಗಾಳಿಗೆ ಕುಗ್ಗುವಾಗ, ಅದರ ಅಂಚಿಗೆ ಅಂಟಿಸಿದ ಪಕ್ಕದ ಪಟ್ಟಿ ಅದರೊಂದಿಗೆ ಸರಿಯುವುದಿಲ್ಲ. ಎಲ್ಲಾದರೂ ಒಂದು ಕಡೆ ಬಿಡಲೇಬೇಕು. ಹಳೆಯ ಕುಶಲಕರ್ಮಿಗಳು ಇದನ್ನು ಬಲ್ಲವರಾಗಿದ್ದು, ಬಿಡಬೇಕಾದ ಜಾಗವನ್ನು ತಾವೇ ಆರಿಸಿಟ್ಟರು. ಹಲಗೆಯ ಅಂಚನ್ನು ಪಟ್ಟಿಗೆ ಕೂಡಿಸುವಾಗ ಅವರು ಬಳಸಿದ್ದು ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು, ಹಿಂದೆ ನಮ್ಮ ಬಡಗಿಗಳೂ ಕಾಯಿಸಿ ಬಳಸುತ್ತಿದ್ದ ಸರೇಸು. ಅದನ್ನೂ ಅಂಚಿಗೆ ತೆಳುವಾಗಿಯೇ ಹಾಕುತ್ತಿದ್ದರು, ಹಲಗೆ ಸೀಳುವ ಮೊದಲು ಬೆಸುಗೆ ಬಿಟ್ಟುಕೊಳ್ಳಲಿ ಎಂದು. ಬಿಟ್ಟ ಬೆಸುಗೆಯನ್ನು ಬಿಸಿನೀರಿನಿಂದ ತೊಳೆದು, ಹೊಸ ಸರೇಸು ಹಾಕಿ, ಕ್ಲಾಂಪ್ ಬಿಗಿದರೆ ಮಾರನೆಯ ದಿನ ವಾದ್ಯ ಮೊದಲಿನಂತಾಗುತ್ತದೆ.

ಆದ್ದರಿಂದ ನಿಮ್ಮದು ನಿಜವಾದ ಬಿರುಕೋ, ಬಿಟ್ಟ ಬೆಸುಗೆಯೋ ಎಂಬುದು ಮೊದಲ ಪ್ರಶ್ನೆ. ಗೆರೆ ಹಲಗೆಯ ಅಂಚನ್ನೂ ಪಕ್ಕದ ಪಟ್ಟಿಯನ್ನೂ ಕೂಡಿಸುವ ಸಂದಿನಲ್ಲೇ ಹೋಗಿದ್ದರೆ ಅದು ಬೆಸುಗೆ. ಹಲಗೆಯ ಮೈಯಲ್ಲಿ ಎಳೆಯ ಗುಂಟ ಹೋಗಿದ್ದರೆ ಬಿರುಕು. ಬೆರಳಗಂಟಿನಿಂದ ಅಂಚಿನ ಗುಂಟ ಮೆಲ್ಲಗೆ ತಟ್ಟುತ್ತ ಹೋಗಿ: ಬಿಟ್ಟಿರುವ ಕಡೆ ಸದ್ದು ಒಡಕಾಗಿ ಬರುತ್ತದೆ, ಕೂಡಿರುವ ಕಡೆ ಗಟ್ಟಿಯಾಗಿ ಬರುತ್ತದೆ. ನಿಮ್ಮ ವರ್ಣನೆಯಿಂದ ಅದು ಬೆಸುಗೆಯೇ ಇರಬೇಕೆಂದು ನನಗನಿಸುತ್ತದೆ. ಹಾಗಿದ್ದರೆ ವಾದ್ಯ ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಂಡಿದೆ. ಅಲ್ಲಿ ಫೆವಿಕಾಲ್‌ನಂಥ ಬಿಳಿ ಗೋಂದು ಹಾಕಿದರೆ ಎರಡು ತೊಂದರೆಗಳು. ಮೇಜು ಕುರ್ಚಿಗಳಿಗೆ ಅದು ಒಳ್ಳೆಯ ಅಂಟೇ, ಆದರೆ ಮರದ ರಂಧ್ರಗಳಿಗೆ ಇಳಿದ ಮೇಲೆ ಅದನ್ನು ಪೂರ್ತಿ ತೆಗೆಯಲಾಗುವುದಿಲ್ಲ, ತೆಗೆಯದೆ ಉಳಿದ ಮೈಗೆ ಸರೇಸು ಹತ್ತುವುದಿಲ್ಲ. ಮತ್ತೆ ಮುಂದಿನ ಚಳಿಗಾಲದಲ್ಲಿ ಮರ ಕುಗ್ಗಿದಾಗ ಬೆಸುಗೆ ಬಿಡದೆ ಹಲಗೆಯೇ ಸೀಳಬಹುದು. ಬೆಸುಗೆ ಕೂಡಿಸುವುದು ಸಣ್ಣ ಖರ್ಚು, ಹಲಗೆ ಬಿಚ್ಚಿ ಸೀಳು ಸರಿಪಡಿಸುವುದು ದೊಡ್ಡ ಖರ್ಚು.

ಅಂಚಿನ ಒಳಗೆ ಸುತ್ತಲೂ ಎರಡು ಕಪ್ಪು ಗೆರೆಗಳು ಕಾಣುತ್ತವೆಯಲ್ಲ, ಅದು ಪರ್ಫ್ಲಿಂಗ್. ಒಳ್ಳೆಯ ವಾದ್ಯದಲ್ಲಿ ಅದು ಬಣ್ಣದ ಗೆರೆಯಲ್ಲ, ಹಲಗೆಯಲ್ಲಿ ಕಾಲುವೆ ತೋಡಿ ಹುದುಗಿಸಿದ ಮರದ ಎಳೆ. ಅಂಚಿನಲ್ಲಿ ಹುಟ್ಟಿದ ಸೀಳು ಒಳಕ್ಕೆ ಹೋಗದಂತೆ ತಡೆಯುತ್ತದೆ. ಬೆನ್ನು ಚಪ್ಪಟೆಯೋ ಉಬ್ಬಿದ್ದೋ ಎಂಬುದನ್ನೂ ನೋಡಿ. ಪಿಟೀಲಿನ ಬೆನ್ನು ಉಬ್ಬಿರುತ್ತದೆ, ಡಬಲ್ ಬೇಸ್‌ನಲ್ಲಿ ಎರಡೂ ಬಗೆಗಳಿವೆ. ಚಪ್ಪಟೆ ಬೆನ್ನಿಗೆ ಒಳಗೆ ಅಡ್ಡಪಟ್ಟಿಗಳನ್ನು ಅಂಟಿಸಿರುತ್ತಾರೆ, ಹಲಗೆ ಹಿಗ್ಗುವ ದಿಕ್ಕಿಗೇ ಅವು ಅಡ್ಡಗಟ್ಟಿ ನಿಲ್ಲುವುದರಿಂದ ಕರಾವಳಿಯ ಹವೆಯಲ್ಲಿ ಚಪ್ಪಟೆ ಬೆನ್ನು ಹೆಚ್ಚು ಕಾಟ ಕೊಡುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ನಿಮ್ಮ ವಾದ್ಯ ಪ್ಲೈವುಡ್‌ನದಾಗಿರಬಹುದು. ಎಫ್ ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಪದರಗಳು ಎಣಿಸಲು ಸಿಗುತ್ತವೆ. ಹಾಗಿದ್ದರೆ ಬೇಸರಪಡಬೇಡಿ. ಅಮೆರಿಕದ ಕೇ ಕಂಪನಿಯಂಥವು 1930ರ ದಶಕದಿಂದ ಇಂಥ ವಾದ್ಯಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿದವು. ಊರೂರು ತಿರುಗುವ ಡ್ಯಾನ್ಸ್ ಬ್ಯಾಂಡುಗಳಿಗೂ ಜಾಜ್ ವಾದಕರಿಗೂ ಅವು ಪ್ರಿಯವಾಗಿದ್ದವು. ಪದರಗಳು ಒಂದಕ್ಕೊಂದು ಅಡ್ಡವಾಗಿ ಅಂಟಿರುವುದರಿಂದ ಅವು ಸುಲಭವಾಗಿ ಸೀಳುವುದಿಲ್ಲ. ಕೊರೆದ ಹಲಗೆಯ ನಾದದ ಸೊಗಸು ಅದಕ್ಕಿಲ್ಲವೆಂಬುದು ನಿಜ, ಆದರೆ ಸಮುದ್ರಕ್ಕೆ ಕೂಗಳತೆಯಲ್ಲಿರುವ ಮನೆಗೆ ನಾನು ಆರಿಸುವುದು ಪ್ಲೈವುಡ್ಡನ್ನೇ.

ಕುತ್ತಿಗೆಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಅದು ಮೇಪಲ್‌ನದು, ಅದರ ಮೇಲೆ ಅಂಟಿಸಿದ ಉದ್ದನೆಯ ಕಪ್ಪು ಪಟ್ಟಿ ಫಿಂಗರ್‌ಬೋರ್ಡ್, ಉತ್ತಮ ವಾದ್ಯಗಳಲ್ಲಿ ಎಬೊನಿ, ಅಗ್ಗದವುಗಳಲ್ಲಿ ಬೀಟೆ ಅಥವಾ ಕಪ್ಪು ಬಳಿದ ಬೇರೆ ಮರ. ವೀಣೆಯಂತೆ ಮೆಟ್ಟಿಲುಗಳಿಲ್ಲ. ಉದ್ದಕ್ಕೆ ಕಣ್ಣು ನೆಟ್ಟು ನೋಡಿದರೆ ಅದು ನಡುವೆ ಸ್ವಲ್ಪ ತಗ್ಗಿರುವುದು ಕಾಣುತ್ತದೆ, ಅದು ದೋಷವಲ್ಲ, ಅಲುಗುವ ತಂತಿಗೆ ಬಿಟ್ಟ ಜಾಗ. ಕುತ್ತಿಗೆ ಪೆಟ್ಟಿಗೆಗೆ ಸೇರುವ ಬುಡ, ಹೀಲ್, ಮಾತ್ರ ಪರೀಕ್ಷಿಸಲೇಬೇಕಾದ ಜಾಗ. ಮೂಲೆಯಲ್ಲಿ ನಿಲ್ಲಿಸಿದ ವಾದ್ಯ ಒಮ್ಮೆ ಜಾರಿ ಬಿದ್ದಿದ್ದರೆ ಮೊದಲು ಬಿಡುವುದು ಅಲ್ಲಿ. ತುದಿಯ ಸುರುಳಿ, ಸ್ಕ್ರೋಲ್, ಬರಿಯ ಅಲಂಕಾರ. ನಮ್ಮ ಗುಡಿಗಾರರ ಕೈಗೆ ಕೊಟ್ಟರೆ ಮನಸೋಕ್ತ ಕೆತ್ತಿಯಾರು, ನಾದಕ್ಕೆ ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ಪಿಟೀಲಿನಲ್ಲಿ ಮರದ ಬಿರಡೆಗಳಿದ್ದರೆ ಇಲ್ಲಿ ಹಿತ್ತಾಳೆಯ ಹಲ್ಲುಚಕ್ರಗಳಿವೆ, ಇಷ್ಟು ಎಳೆತವನ್ನು ಮರದ ಬಿರಡೆ ಹಿಡಿದು ನಿಲ್ಲಿಸುವುದು ಕಷ್ಟ. ಉಪ್ಪುಗಾಳಿಗೆ ಅವು ಹಸಿರು ಹಿಡಿದಿದ್ದರೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಡಿ, ಮರಕ್ಕೆ ಸೋಕದಂತೆ.

ಶ್ರುತಿಯ ವಿಷಯವನ್ನು ನೀವು ಕೇಳಿಲ್ಲ, ಆದರೂ ಭಾಗಗಳ ಗಾತ್ರ ಅರ್ಥವಾಗಲು ಅದು ಬೇಕು. ದಪ್ಪ ತಂತಿಯಿಂದ ತೆಳುವಿಗೆ ಇ, ಎ, ಡಿ, ಜಿ. ಒಂದನ್ನು ಷಡ್ಜವೆಂದರೆ ಮುಂದಿನದು ಶುದ್ಧ ಮಧ್ಯಮ. ಪಾಶ್ಚಾತ್ಯ ಪಿಟೀಲಿನಲ್ಲಿ ಇದೇ ಅಂತರ ಷಡ್ಜ ಪಂಚಮದ್ದು. ಕಾರಣ ಕೈಯ ಅಳತೆ: ಹೆಚ್ಚು ಬಳಕೆಯ ಮುಕ್ಕಾಲು ಗಾತ್ರದ ಬೇಸ್‌ನಲ್ಲಿ ನಟ್‌ನಿಂದ ಕುದುರೆಯವರೆಗಿನ ತಂತಿ ಸುಮಾರು 105 ಸೆಂಟಿಮೀಟರ್, ಅಲ್ಲಿ ಮೊದಲ ಪೂರ್ಣ ಸ್ವರಕ್ಕೆ 11 ಸೆಂಟಿಮೀಟರಿಗೂ ಹೆಚ್ಚು ದೂರ, ಪಿಟೀಲಿನಲ್ಲಿ ಅದು ಮೂರೂವರೆ. ಬೆರಳುಗಳು ಅಷ್ಟು ಚಾಚಲಾರವು, ಆದ್ದರಿಂದ ತಂತಿಗಳೇ ಹತ್ತಿರ ಬಂದವು. ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41, ಎ ತಂತಿಯದು 55. ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ) ಹಾಡುವ ಗಂಡಸರ ತಂಬೂರಿಯ ಖರ್ಜಕ್ಕಿಂತ, ಎಂದರೆ ಮಂದ್ರ ಷಡ್ಜಕ್ಕಿಂತ, ಇವೆರಡೂ ಕೆಳಗೆ, ಡಿ ತಂತಿ ಅದಕ್ಕಿಂತ ಅರ್ಧ ಸ್ವರ ಮೇಲೆ. 41 ಕಂಪನದ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು. ಆಳೆತ್ತರದ ಈ ವಾದ್ಯದ ಪೆಟ್ಟಿಗೆಯೂ ಆ ಅಲೆಗೆ ಚಿಕ್ಕದೇ, ಅದು ಮೂಲ ಕಂಪನವನ್ನು ದುರ್ಬಲವಾಗಿ ಹೊರಸೂಸುತ್ತದೆ. ಮೇಲಿನ ಅನುಸ್ವರಗಳನ್ನು ಕೇಳಿ ನಮ್ಮ ಕಿವಿಯೇ ತಳವನ್ನು ತುಂಬಿಕೊಳ್ಳುತ್ತದೆ. ನಾಲ್ಕು ತಂತಿಯೇ ಎಲ್ಲ ಕಾಲಕ್ಕೂ ಇತ್ತೆಂದು ತಿಳಿಯಬೇಡಿ. ವೆನಿಸ್‌ನ ಹೆಸರಾಂತ ವಾದಕ ಡೊಮೆನಿಕೊ ಡ್ರಾಗೊನೆಟ್ಟಿ (1763–1846) ನುಡಿಸುತ್ತಿದ್ದುದು ಮೂರು ತಂತಿಯ ಬೇಸ್.

ಬಿಲ್ಲು ನಿಮ್ಮಲ್ಲಿಲ್ಲವೆಂದು ಕಾಣುತ್ತದೆ. ಡ್ಯಾನ್ಸ್ ಬ್ಯಾಂಡಿನವರು ಹೆಚ್ಚಾಗಿ ಬೆರಳಿನಿಂದಲೇ ಮೀಟುತ್ತಿದ್ದರು, ಆದ್ದರಿಂದ ಹುಡುಕಿ ಆಯಾಸಪಡಬೇಡಿ.

ಈಗ ಮಾಡಬೇಕಾದದ್ದು ಇಷ್ಟು. ಸಡಿಲವಾಗಿರುವ ತಂತಿಗಳನ್ನು ಹಾಗೆಯೇ ಬಿಡಿ, ಯಾರೂ ಬಿಗಿಯದಂತೆ ನೋಡಿಕೊಳ್ಳಿ. ಟೇಲ್‌ಪೀಸ್ ತೂಗಾಡಿ ಹಲಗೆಗೆ ಗೀರು ಬೀಳದಂತೆ ಅದರ ಕೆಳಗೆ ಹಳೆಯ ಪಂಜಿ ಮಡಚಿಡಿ. ಎಫ್ ರಂಧ್ರದ ಹತ್ತಿರ ಮರದ ಹಿಟ್ಟು ಉದುರಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ, ಅದನ್ನು ರಿಪೇರಿಯವರಿಗೆ ಮೊದಲೇ ತಿಳಿಸಿ. ಚಿರೇಕಲ್ಲಿನ ಹೊರಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲವೆಲ್ಲ ಆ ಗೋಡೆ ತೇವ ಬಿಡುತ್ತಿರುತ್ತದೆ. ಒಣಗಲೆಂದು ಬಿಸಿಲಿಗೂ ಏಸಿ ಕೋಣೆಗೂ ಒಯ್ಯಬೇಡಿ. ಡಬಲ್ ಬೇಸ್ ರಿಪೇರಿ ಮಾಡಿ ಅನುಭವವಿರುವವರನ್ನು ಗೋವಾ ಕಡೆ ವಿಚಾರಿಸಿ, ನಿಮಗೆ ಘಟ್ಟ ಹತ್ತುವುದಕ್ಕಿಂತ ಅದು ಹತ್ತಿರ. ಸಾಗಿಸುವಾಗ ವಾದ್ಯವನ್ನು ಪಕ್ಕದ ಪಟ್ಟಿಯ ಮೇಲೆ ಮಗ್ಗುಲಾಗಿ ಮಲಗಿಸಿ, ಮುಖ ಕೆಳಗಾಗಿ ಎಂದಿಗೂ ಬೇಡ. ಎಂಡ್‌ಪಿನ್ ಒಳಗೆ ತಳ್ಳಿ ಸ್ಕ್ರೂ ಬಿಗಿದಿರಲಿ. ಕೋಲನ್ನು ಎಫ್ ರಂಧ್ರದಿಂದ ಮೆಲ್ಲಗೆ ಹೊರತೆಗೆದು ಕುದುರೆಯ ಜೊತೆ ಬಟ್ಟೆಯಲ್ಲಿ ಸುತ್ತಿಡಿ, ಅದರ ಮೇಲೆ ಪೆನ್ಸಿಲಿನ ಗುರುತು ಇದ್ದರೆ ಒರೆಸಬೇಡಿ: ಹಿಂದೆ ನಿಲ್ಲಿಸಿದವರು ಯಾವ ತುದಿ ಮೇಲೆ, ಯಾವ ಮೈ ರಂಧ್ರದ ಕಡೆಗೆ ಎಂದು ಬರೆದಿಟ್ಟದ್ದು ಅದು.